ಕಾಲು ಮುಂದಾಗಿ ಹುಟ್ಟಿದವರು ಬೇಕಾಗಿದ್ದಾರೆ

ಬೆಂಚು ಎತ್ತುವಾಗ ಉಸಿರು ಹಿಡಿಯಬೇಕೋ ಬಿಡಬೇಕೋ ಎಂದು ಆದಿನಾರಾಯಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾನುವಾರ ಬೆಳಗ್ಗೆ, ನಂದಿದುರ್ಗ ಗಣಿಯ ಕೆಲಸಗಾರರ ಮನೆಸಾಲಾದ ಲೈನಿನಲ್ಲಿ, ಪಕ್ಕದ ಮನೆಯ ಮಾರಿಯಮ್ಮನ ಬೆಂಚನ್ನು ತನ್ನ ಮನೆಗೆ ತರಲು ಬಗ್ಗಿದ. ಅರ್ಧ ಎತ್ತಿದ. ಸೊಂಟದಲ್ಲಿ ಒಣಕಡ್ಡಿ ಮುರಿದಂತೆ ‘ಕಟಕ್’ ಎಂದಿತು. ಬೆಂಚು ಕೆಳಗಿಳಿಯಿತು, ಆದಿನಾರಾಯಣ ಮಾತ್ರ ಮೇಲೇಳಲಿಲ್ಲ.

ಅವತ್ತು ಬಗ್ಗಿಕೊಂಡಿರುವ ದಿನವೇ ಅಲ್ಲ. ಬೂದಿಕೋಟೆಯ ಶ್ರೀರಾಮಪ್ಪನವರು ಮಧ್ಯಾಹ್ನದ ರೈಲಿಗೆ ಗಂಡು ನೋಡಲು ಬರುವವರಿದ್ದರು. ಬೆಂಚು ಬೇಕಾಗಿದ್ದೂ ಅವರು ಕೂರಲಿಕ್ಕೇ. ಅವರ ಮಗಳು ಗಂಗರತ್ನಳನ್ನು ಆದಿನಾರಾಯಣ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನೋಡಿದ್ದ. ತುಂಬಿದ ಹಾಲಿನ ಕ್ಯಾನನ್ನು ರೈಲಿಗೆ ಏರಿಸುತ್ತಿದ್ದವಳು, ಅಡ್ಡ ನಿಂತಿದ್ದ ಇವನನ್ನು “ಸರೀರಿ ಅತ್ಲಾಗೆ” ಎಂದು ಗದರಿಸಿದ್ದಳು. ಆ ಗದರಿಕೆ ಕೇಳಿದಂದಿನಿಂದ ಇವನಿಗೆ ಬೇರೆ ಯಾವ ಹೆಣ್ಣೂ ಹಿಡಿಸುತ್ತಿರಲಿಲ್ಲ. ಶ್ರೀರಾಮಪ್ಪನವರದು ಒಂದೇ ಷರತ್ತು: ಗಂಡು ಗಟ್ಟಿಮುಟ್ಟಾಗಿರಬೇಕು. ಗಣಿಯಲ್ಲಿ ದುಡಿಯುವವರ ಮೈ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ.

“ನೆಟ್ಟಗೆ ನಿಂತ್ಕೊಳ್ಲಾ, ಆಟ ಆಡ್ಬ್ಯಾಡ,” ಎಂದಳು ತಾಯಿ ಮುನಿಶಾಮಮ್ಮ.

“ನಿಂತೇ ಇದೀನಿ ಕಣಮ್ಮೋ. ನಂಗೆ ಬರೋದು ಇಷ್ಟೇ.”

“ಅಯ್ಯೋ ಕಡವುಳೇ!” ಎಂದು ಮಾರಿಯಮ್ಮ ಎದೆ ಬಡಿದುಕೊಂಡಳು. “ಏನ್ ತಂಬಿ ಇದು? ನಡಿ, ಕುಪ್ಪುಸ್ವಾಮಿ ಹತ್ರ ಓಗಾಣ.”

ಕುಪ್ಪುಸ್ವಾಮಿ ಲೈನಿನ ಕೊನೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕಾಂಪೌಂಡರ್. ಹಿಂದೆ ಯಾವುದೋ ಮಿಲಿಟರಿ ಆಸ್ಪತ್ರೆಯಲ್ಲಿದ್ದವನು. ಅಲ್ಲಿಂದ ಕಾಯಿಲೆಗಳ ಹೆಸರನ್ನೆಲ್ಲ ತಂದಿದ್ದ, ಮದ್ದು ತರುವುದನ್ನು ಮರೆತಿದ್ದ ಎಂದು ಜನ ಆಡಿಕೊಳ್ಳುತ್ತಿದ್ದರು.

“ಎಲ್ಲಿ ನೋವು?”

“ಸೊಂಟದಾಗೆ ಸಾರ್.”

“ಲಂಬೇಗೋ.”

“ತೊಡೆಗೂ ಇಳೀತದೆ.”

“ಹಾಗಾದ್ರೆ ಸಯಾಟಿಕಾ.”

“ಒತ್ತಿದ್ರೆ ಮಾಂಸಖಂಡನೂ ನೋಯ್ತದೆ.”

“ಫೈಬ್ರೊಸೈಟಿಸ್. ಬೆನ್ನುಮೂಳೆ?”

“ಅದೂ ಒಂಚೂರು…”

“ಸ್ಪಾಂಡಿಲೈಟಿಸ್!” ಕುಪ್ಪುಸ್ವಾಮಿಯ ಮುಖ ಅರಳಿತು. “ಕುತ್ತಿಗೆ ಹೇಗಿದೆ?”

ಆದಿನಾರಾಯಣನಿಗೆ ಬೆವರಿಳಿಯಿತು. ಬರುವಾಗ ಒಂದೇ ಒಂದು ನೋವಿತ್ತು. ಬಾಯಿ ಬಿಟ್ಟಾಗಲೆಲ್ಲ ಒಂದೊಂದು ಕಾಯಿಲೆ ಹುಟ್ಟುತ್ತಿದೆ. “ಕುತ್ತಿಗೇನೇ ಇಲ್ಲ ಸಾರ್ ನಂಗೆ,” ಎಂದವನೇ ಬಗ್ಗಿಕೊಂಡೇ ಹೊರಗೆ ಬಂದ.

ಅವನು ಮನೆ ಸೇರುವಷ್ಟರಲ್ಲಿ ಹೆಸರುಗಳು ಅವನಿಗಿಂತ ಮುಂಚೆ ಸೇರಿದ್ದವು. ತಂಬಿಗೆ ನಾಲ್ಕು ಕಾಯಿಲೆ, ನಾಲ್ಕೂ ಇಂಗ್ಲಿಷಿನವು ಎಂದು ಮಾರಿಯಮ್ಮ ಸಾರಿಬಿಟ್ಟಿದ್ದಳು. ಮೊದಲನೆಯದು ಅಂಟುತ್ತದಂತೆ ಎಂದು ಒಬ್ಬರು, ಇಲ್ಲ, ಮೂರನೆಯದು ಎಂದು ಇನ್ನೊಬ್ಬರು. ಮುನಿಶಾಮಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು.

“ಲಂಬೇಗೋ ಓದ್ರೆ ಸಯಾಟಿಕಾನೂ ಓಗ್ತದಾ, ಇಲ್ಲ ಬೇರೆ ಬೇರೆ ಓಗ್ಬೇಕಾ?” ಎಂದು ಕೇಳಿದಳು. ಆದಿನಾರಾಯಣನಿಗೆ ಯಾವ ಕಾಯಿಲೆ ಯಾವ ಜಾಗದಲ್ಲಿದೆ ಎಂಬುದೇ ಮರೆತುಹೋಗಿತ್ತು. ಶ್ರೀರಾಮಪ್ಪನವರ ಕಿವಿಗೆ ಇದರಲ್ಲಿ ಒಂದು ಹೆಸರು ಬಿದ್ದರೂ ಗಂಗರತ್ನ ಕೈತಪ್ಪುತ್ತಾಳೆ ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಳು ಬಂತು. ಬಗ್ಗಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ.

ಪರಿಹಾರ ಹೇಳಿದವಳೂ ಮಾರಿಯಮ್ಮನೇ. “ಉಳುಕಿದ ಬೆನ್ನಿಗೆ ಕಾಲು ಮುಂದಾಗಿ ಉಟ್ಟಿದೋರು ಮೂರು ಸಲ ಒದ್ರೆ ಸರಿಯೋಗ್ತದೆ. ತಲೆ ಮುಂದಾಗಿ ಬಂದೋರ ಒದೆ ಕೆಲಸಕ್ಕೆ ಬರಲ್ಲ.”

ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಹುಡುಕುವುದು ಎಲ್ಲಿ? ಮಾರಿಯಮ್ಮ ಲೈನಿನುದ್ದಕ್ಕೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗುತ್ತಾ ಹೋದಳು. ಹೇಗೆ ಹುಟ್ಟಿದೆವು ಎಂದು ಜನ ತಮ್ಮ ತಮ್ಮ ಅಮ್ಮಂದಿರನ್ನು ವಿಚಾರಿಸತೊಡಗಿದರು. ಕೊನೆಗೆ ಪೆರುಮಾಳ್ ಎಂಬ ಫುಟ್ಬಾಲ್ ಆಟಗಾರ ಬೂಟು ಸಮೇತ ಬಂದ.

“ನಾನೇ ಅಣ್ಣಾ. ನಮ್ಮಮ್ಮ ಯಾವಾಗ್ಲೂ ಏಳ್ತಿರ್ತಾಳೆ.”

“ಬೂಟು ಬಿಚ್ಚಪ್ಪಾ,” ಎಂದು ಆದಿನಾರಾಯಣ ಹೇಳುವ ಮೊದಲೇ ಒದೆ ಬಿತ್ತು. ಮೂರಕ್ಕೆ ಮೂರೂ ಸರಿಯಾಗಿ ಬಿದ್ದವು. ಅಷ್ಟರಲ್ಲಿ ಪೆರುಮಾಳನ ತಾಯಿ ಕದಿರಮ್ಮ ಓಡಿಬಂದಳು.

“ಲೇ ಮುಂಡೇದೇ! ಕಾಲು ಮುಂದಾಗಿ ಬಂದಿದ್ದು ನಿಮ್ಮಣ್ಣ ಕಣ್ಲಾ, ನೀನಲ್ಲ! ನೀನು ಸರಿಯಾಗೇ ಬಂದೆ!”

ಅಣ್ಣ ಎಲ್ಲಿ ಎಂದರೆ ಮದರಾಸಿನಲ್ಲಿ. ಮೊದಲು ಮುಂದಕ್ಕೆ ಮಾತ್ರ ಬಗ್ಗಿದ್ದ ಆದಿನಾರಾಯಣ ಈಗ ಎಡಕ್ಕೂ ವಾಲಿಕೊಂಡಿದ್ದ. ಹಾಗಿರುವಾಗಲೇ ರೈಲು ಕೂಗಿತು.

ಶ್ರೀರಾಮಪ್ಪನವರು ದೊಡ್ಡ ಪೇಟ, ದೊಡ್ಡ ಮೀಸೆಯ ಆಳು. ಬಾಗಿಲಲ್ಲಿ ನಡು ಬಗ್ಗಿಸಿ ಕೈ ಮುಗಿದು ನಿಂತಿದ್ದ ಹುಡುಗನನ್ನು ನೋಡಿ ದಂಗಾದರು. ಅವರು ಒಳಗೆ ಬಂದರೂ ಹುಡುಗ ಏಳಲಿಲ್ಲ. ಪೆರುಮಾಳ್ ತಂದುಹಾಕಿದ್ದ ಬೆಂಚಿನ ಮೇಲೆ ಕೂತರೂ ಏಳಲಿಲ್ಲ.

“ಏಳಪ್ಪಾ, ಸಾಕು,” ಎಂದರು.

“ಪರ್ವಾಗಿಲ್ಲ, ಇಂಗೇ ಇರ್ತೀನಿ.”

ಶ್ರೀರಾಮಪ್ಪನವರ ಕಣ್ಣು ಒದ್ದೆಯಾಯಿತು. “ಈ ಕಾಲದಾಗೆ ಇಂಥ ವಿನಯ ಎಲ್ಲೈತಮ್ಮಾ? ನಮ್ಮ ಕಡೆ ಹುಡುಗ್ರು ತಲೆ ಬಗ್ಗ್ಸೋದೇ ಇಲ್ಲ. ನಂಗೆ ಒಪ್ಗೆ.”

ಮುನಿಶಾಮಮ್ಮ ಹಿಗ್ಗಿ ಹೀರೇಕಾಯಿಯಾದಳು. ಆಗಲೇ ಮುಲಾಮಿನ ಡಬ್ಬಿ ಹಿಡಿದು ಕುಪ್ಪುಸ್ವಾಮಿ ಒಳಗೆ ಬಂದ. “ಲಂಬೇಗೋ ಹೇಗಿದೆಯಪ್ಪಾ? ಸಯಾಟಿಕಾ ಇಳೀತಾ? ಫೈಬ್ರೊಸೈಟಿಸ್‌ಗೆ ಇದನ್ನ ಹಚ್ಚು. ಸ್ಪಾಂಡಿಲೈಟಿಸ್‌ಗೆ ಬೇರೆ ನೋಡೋಣ.”

ಶ್ರೀರಾಮಪ್ಪನವರು ಎದ್ದು ನಿಂತರು. “ಇವರೆಲ್ಲಾ ಯಾರು? ನೆಂಟ್ರಾ?”

“ನೆಂಟರಲ್ಲ ಸ್ವಾಮಿ, ಕಾಯಿಲೆ,” ಎಂದ ಕುಪ್ಪುಸ್ವಾಮಿ.

“ಇಷ್ಟೂ ಒಬ್ಬನಿಗೇನಾ?”

“ಛೇ, ಇರೋದು ಒಂದೇ ನೋವು. ಯಾವುದು ಅಂತ ನಂಗೂ ಗೊತ್ತಾಗಿಲ್ಲ. ಅದಕ್ಕೆ ಎಲ್ಲಾ ಹೆಸರೂ ಹೇಳಿದೆ.”

ಮುನಿಶಾಮಮ್ಮ ಅಳುತ್ತಾ ಬೆಂಚಿನ ಕತೆ ಹೇಳಿದಳು. ಶ್ರೀರಾಮಪ್ಪನವರು ಕೇಳಿ, ಮೀಸೆ ಕುಣಿಯುವಂತೆ ನಕ್ಕರು. “ಸೊಂಟ ಇಡ್ಕೊಂಡೈತೆ ಅನ್ನಿ! ಅದಕ್ಯಾಕೆ ಇಷ್ಟು ಮಂದೀನ ಕರೆದ್ರಿ? ನಮ್ಮನೇಲೇ ಕಾಲು ಮುಂದಾಗಿ ಉಟ್ಟಿದೋಳು ಅವ್ಳೆ. ಬೂದಿಕೋಟೆ ಸುತ್ತಮುತ್ತ ಸೊಂಟ ಇಡ್ದೋರೆಲ್ಲಾ ನಮ್ಮ ಬಾಗಿಲಿಗೇ ಬರೋದು. ಅವಳು ಒದ್ರೆ ಎಂಥ ಸೊಂಟನೂ ನೆಟ್ಟಗಾಗ್ತದೆ!”

ಆದಿನಾರಾಯಣನಿಗೆ ಹೋದ ಜೀವ ಬಂದಂತಾಯಿತು. “ಯಾರು ಮಾವಾ? ಅಜ್ಜೀನಾ?”

“ಅಜ್ಜಿ ಎಲ್ಲಿಂದ ಬಂದ್ಲು? ನನ್ನ ಮಗಳು ಗಂಗರತ್ನ!”

ಎಲ್ಲರೂ ಖುಷಿಯಿಂದ ಕೂಗಿದರು. ಮುನಿಶಾಮಮ್ಮ ಮಾತ್ರ ಕೂಗಲಿಲ್ಲ. “ಕಟ್ಕೊಳ್ಳೋ ಗಂಡನ್ನ ಒದೆಯೋದುಂಟಾ? ಪಾಪ ಸುತ್ಕೊಳ್ಳಲ್ವಾ?”

“ಅದೂ ನಿಜಾನೇ,” ಎಂದು ಶ್ರೀರಾಮಪ್ಪನವರು ಮೀಸೆ ಸವರಿಕೊಂಡರು.

“ಮದ್ವೆಗೆ ಮುಂಚೆ ಒದ್ರೆ?” ಆದಿನಾರಾಯಣ ಅಂಗಲಾಚಿದ.

“ಮಾತು ಕೊಟ್ಟಾಯ್ತಲ್ಲಪ್ಪಾ, ಗಂಡ ಆದಂಗೇ. ಸಂಬಂಧ ಬ್ಯಾಡ ಅಂದ್ರೆ ಈಗ್ಲೇ ಅಂದ್ಬುಡು. ನಾಳೆ ಬೂದಿಕೋಟೆಗೆ ಬಾ, ಒದೆಸ್ತೀನಿ. ಸಂಬಂಧ ಬೇಕು ಅಂದ್ರೆ ಒದೆ ಇಲ್ಲ.”

ಹೆಣ್ಣೋ ಬೆನ್ನೋ ಎಂದು ಆದಿನಾರಾಯಣನಿಗೆ ತೋಚದಾಯಿತು. ಒಂದು ರಾತ್ರಿ ಯೋಚಿಸಲು ಬಿಡಿ ಎನ್ನಲು ತಲೆ ಎತ್ತಿದ. ಸೊಂಟ ಚಳಕ್ ಎಂದಿತು, ತಲೆ ತಾನಾಗಿ ಕೆಳಕ್ಕೆ ಬಿತ್ತು.

“ಒಪ್ಕೊಂಡ!” ಎಂದು ಮಾರಿಯಮ್ಮ ಕಿರುಚಿದಳು.

ತಾಂಬೂಲದ ತಟ್ಟೆ ಬಂತು. ಬೂದಿಕೋಟೆಗೆ ಬಸ್ಸು ಎಷ್ಟು ಹೊತ್ತಿಗೆ, ತನಗೂ ಸೊಂಟ ಸರಿಯಿಲ್ಲ ಎಂದು ಕುಪ್ಪುಸ್ವಾಮಿ ಮೆಲ್ಲಗೆ ಕೇಳಿದ. ಕದಿರಮ್ಮನೂ ಕೇಳಿದಳು, ಅವಳ ಹಿಂದೆ ಇನ್ನೂ ನಾಲ್ಕೈದು ಜನ ಕೇಳಿದರು.

“ಅಷ್ಟು ದೂರ ಯಾಕೆ ಬತ್ತೀರಿ? ಮದ್ವೆ ಆದ್ಮೇಲೆ ಅವಳು ಈ ಮನೇಲೇ ತಾನೇ ಇರೋದು? ಇಲ್ಲೇ ಒದೆಸ್ಕೊಳ್ಳಿ!” ಎಂದರು ಶ್ರೀರಾಮಪ್ಪನವರು.

ಲೈನಿನ ಮಂದಿಯೆಲ್ಲ ಆದಿನಾರಾಯಣನನ್ನು ಸುತ್ತುವರಿದು ಶುಭ ಕೋರಿದರು. ಅವನಿಗೆ ಕಾಣುತ್ತಿದ್ದದ್ದು ಅವರ ಪಾದಗಳು ಮಾತ್ರ.