ರಾಜಗಿರಿ ಪಲ್ಲೆ ಯಾರ ಮೈಗೆ ಹತ್ತಿತು

ಉಣ್ಣುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಉಂಡದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ನನಗೂ ತಿಳಿಯದ ಸಂಗತಿ. ನಾಲ್ಕು ಜೋಳದ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕಕ್ಕೆ ರಾಜಗಿರಿ ಸೊಪ್ಪಿನ ಪಲ್ಲೆ. ಇಷ್ಟನ್ನು ದಿನಕ್ಕೆರಡು ಸಲ ಇಳಿಸಿಯೂ ಬನಹಟ್ಟಿಯ ಸಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ನಾವೆಲ್ಲ ಮುಂಬಯಿ ಸರಕಾರದ ಮಾಸ್ತರರಾಗಿದ್ದ ಕಾಲ ಅದು. ನೌಕರಿ ಕಾಯಂ ಆಗಬೇಕಾದರೆ ಡಾಕ್ಟರರಿಂದ ‘ಫಿಟ್’ ಎಂಬ ಚೀಟಿ ತರಬೇಕು. ಜಮಖಂಡಿಯ ಡಾಕ್ಟರರು ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದವರು ಪೆನ್ನಿನ ಟೋಪಿ ಮತ್ತೆ ಹಾಕಿಬಿಟ್ಟರು.

“ಮೈಯಾಗ ರಕ್ತನ ಇಲ್ಲಲ್ರೀ ಮಾಸ್ತರ. ಉಂಡ ಮ್ಯಾಲೆ ಚಹಾ ಕುಡೀತೀರೇನು?”

“ಕುಡೀತೇನ್ರಿ. ರೊಟ್ಟಿ, ರಾಜಗಿರಿ ಪಲ್ಲೆ ಎಷ್ಟ ಉಂಡರೂ ಚಹಾ ಇಲ್ಲಂದ್ರ ಊಟ ಮುಗದಂಗ ಅನಸೂದಿಲ್ರಿ.”

“ಅದ ಚಹಾ ಪಲ್ಲೆದಾಗಿನ ಸತ್ವ ಮೈಗಿ ಹತ್ತಗೊಡೂದಿಲ್ಲ. ಮೂರು ತಿಂಗಳು ಬಿಡ್ರಿ. ಪಲ್ಲೆಗಿ ಲಿಂಬಿಹಣ್ಣು ಹಿಂಡಕೊಂಡು ಉಣ್ರಿ. ಆಮ್ಯಾಲ ಬರ್ರಿ.”

ಹೇಳುವವರಿಗೇನು, ಹೇಳಿದರು. ನಮ್ಮ ಕಡೆ ನೇಕಾರರ ಮನೆಗೆ ಹೋಗಿ ಚಹಾ ಬೇಡವೆಂದರೆ ಜಗಳಕ್ಕೆ ಬಂದವನೆಂದೇ ತಿಳಿಯುತ್ತಾರೆ. ಮಗ್ಗ ನಿಲ್ಲಿಸಿ, “ನಾವೇನು ತಪ್ಪು ಮಾಡೇವ್ರಿ ಮಾಸ್ತರ?” ಎಂದು ಕೇಳುವವರ ಮುಂದೆ ನನ್ನ ರಕ್ತದ ಪುರಾಣ ಬಿಚ್ಚಲೇ? ಅವರ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ತಿರುಗಾಡಿದೆ. ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ರೂಢಿಯಂತೆ ಎರಡು ಕಪ್ಪು ಚಹಾ ಮಾಡಿಬಿಡುವಳು. “ಸಕ್ಕರಿ ಹಾಕೇನಿ, ಚೆಲ್ಲಾಕ ಬರತೈತೇನ್ರಿ?” ಎಂದು ನನ್ನದನ್ನೂ ತಾನೇ ಕುಡಿಯುವಳು. ನನ್ನ ತಾಟಿನಲ್ಲಿ ಪಲ್ಲೆಯ ಗುಡ್ಡೆ, ಮೇಲೆ ಲಿಂಬೆಯ ರಸ. ಎಲ್ಲರ ಮನೆಯಂತೆ ಆಕೆಯ ಊಟ ನನ್ನದಾದ ಮೇಲೆ. ಬೋಗುಣಿಯಲ್ಲಿ ಏನು ಉಳಿಯಿತೆಂದು ನಾನು ತಿರುಗಿ ನೋಡಿದವನಲ್ಲ. ಕನ್ನಡಿಯ ಮುಂದೆ ರೆಪ್ಪೆ ಎಳೆದುಕೊಂಡು ನಿಲ್ಲುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಇಬ್ಬರೂ ಜಮಖಂಡಿಗೆ ಹೋದೆವು. ಡಾಕ್ಟರರು ನನ್ನ ಕಣ್ಣು ನೋಡಿ, “ಛಲೋ ಆತು” ಎಂದು ಚೀಟಿಗೆ ಸಹಿ ಹಾಕಿದರು. ಬಸ್ಸಿಳಿದು ಬರುವಾಗ ಎರಡು ಸಲ ಕೂತು ಎದ್ದಿದ್ದ ನೀಲವ್ವ ಗೋಡೆಗೆ ಒರಗಿದ್ದಳು. ಅವರು ಆಕೆಯ ರೆಪ್ಪೆಯನ್ನೂ ಎಳೆದು ನೋಡಿದರು.

“ತಂಗಿ, ನೀ ಏನು ಉಣ್ತಿ?”

“ರೊಟ್ಟಿ ಉಣ್ತೇನ್ರಿ. ಚಹಾದಾಗ ಅದ್ದಿಕೊಂಡು.”

“ಮಾಸ್ತರ, ನಿಮ್ಮ ಪಾಲಿಂದ ಅಷ್ಟ ಅಲ್ರಿ, ಇವರ ಪಾಲಿಂದೂ ನಿಮಗ ಹತ್ತೇತಿ” ಎಂದರು ಡಾಕ್ಟರರು. ನನಗೆ ನೆಲದಲ್ಲಿ ಇಳಿದುಹೋಗಬೇಕೆನಿಸಿತು.

ನೌಕರಿಯೇನೋ ಕಾಯಂ ಆಯಿತು. ಅಂದಿನಿಂದ ಇಂದಿಗೂ ಆಕೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಪಲ್ಲೆಯನ್ನು ಮೊದಲು ಆಕೆಗೆ ಬಡಿಸುತ್ತೇನೆ. ನಾನು ನೀರಿನ ತಂಬಿಗೆಗೆ ಕೈ ಚಾಚಿದಾಗ ಆಕೆ ತನ್ನ ಪಲ್ಲೆಯಲ್ಲಿ ಅರ್ಧ ನನ್ನ ತಾಟಿಗೆ ಸರಿಸುತ್ತಾಳೆ. ನನಗೆ ಕಾಣುತ್ತದೆ. ಕಂಡೂ ಕಾಣದವನಂತೆ ಉಂಡುಬಿಡುತ್ತೇನೆ, ಲಿಂಬೆಹಣ್ಣು ಹಿಂಡಿಕೊಂಡು.