ಹಕ್ಕಿಗಳ ಔತಣ, ಡೇಲಿಯಾದ ತಿಥಿ

ಚಳಿಗಾಲದಲ್ಲಿ ಹಕ್ಕಿಗಳಿಗೆ ಉಪಕಾರ ಮಾಡುವುದು ಮಹಾ ಕಷ್ಟದ ಕೆಲಸವೇನಲ್ಲ ಎಂದು ನಾನು ಪೂರ್ಣ ವಿಶ್ವಾಸದಿಂದ ನಂಬಿದ್ದೆ. ಬಾಳೂರಿನ ಹತ್ತಿರ ಸಣ್ಣ ಕಾಫಿ ತೋಟ ಇಟ್ಟುಕೊಂಡ ಮನುಷ್ಯ ನಾನು. ಡಿಸೆಂಬರಿನ ಒಂದು ಬೆಳಿಗ್ಗೆ ಇಬ್ಬನಿಯಲ್ಲಿ ಮುದುಡಿ ಕೂತಿದ್ದ ಪಿಕಳಾರ ಹಕ್ಕಿಗಳನ್ನು ನೋಡಿ ಕರುಳು ಚುರುಕ್ ಎಂದಿತು. ಎಲ್ಲಾ ಅನಾಹುತ ಆ ಚುರುಕ್‌ನಿಂದಲೇ ಶುರು!

ಮೊದಲು ನೀರು. ಹೆಂಡತಿ ಸುಮಿತ್ರೆಯ ಹಿತ್ತಾಳೆ ಬೋಗುಣಿ ತುಂಬಿಸಿ ಅಂಗಳದಲ್ಲಿಟ್ಟೆ. ಅದರಲ್ಲಿ ಸ್ನಾನ ಮಾಡಿದ್ದು ನಮ್ಮ ನಾಯಿ. ಆಮೇಲೆ ಸೀಬೆ ಮರಕ್ಕೆ ಬಾಳೆಗೊನೆ ಕಟ್ಟಿದೆ. ಹತ್ತೇ ನಿಮಿಷಕ್ಕೆ ಮಂಗಗಳು ಸಕುಟುಂಬ ಸಪರಿವಾರ ಬಂದು ಗೊನೆ ಮುಗಿಸಿ, ಒಣಗಿಹಾಕಿದ್ದ ನನ್ನ ಪಂಚೆಯನ್ನೂ ಮರದ ತುದಿಗೇರಿಸಿದವು.

"ಹಕ್ಕಿಗೆ ತಿನ್ನೋಕೆ ತೋಟದಲ್ಲೇ ಬೇಕಾದಷ್ಟಿದೆ. ನೀವು ಸುಮ್ನಿದ್ರೆ ಅದೇ ದೊಡ್ಡ ಉಪಕಾರ," ಎಂದಳು ಸುಮಿತ್ರೆ.

ಅವಳಿಗೆ ಬೇರೆ ತಲೆಬಿಸಿಯಿತ್ತು. ಜನವರಿ ಕೊನೆಗೆ ಪೇಟೆಯಲ್ಲಿ ಫ್ಲವರ್ ಶೋ. ಮನೆ ಮುಂದಿನ ಹೂವಿನ ಮಡಿಯಲ್ಲಿ ಅವಳ ಕಡುಗೆಂಪು ಡೇಲಿಯಾ. ಅದರ ಗೆಡ್ಡೆಯನ್ನು ಅವಳ ಅಮ್ಮ, ತಾವು ಸಾಯುವ ವರ್ಷ, ಸೆರಗಿನಲ್ಲಿ ಕಟ್ಟಿಕೊಂಡು ತಂದುಕೊಟ್ಟಿದ್ದರು. ಆ ಬಣ್ಣ ಸುತ್ತಮುತ್ತ ಬೇರೆ ಯಾರ ಮನೆಯಲ್ಲೂ ಇಲ್ಲ.

ನಾನು ಸೋಲುವವನೇ? ಹುಳ ತಿನ್ನುವ ಹಕ್ಕಿಗೆ ಹುಳವನ್ನೇ ಒದಗಿಸಬೇಕೆಂಬ ಘನ ಯೋಜನೆ ಹೊಳೆಯಿತು. ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿದಾಗ ಬೀಳುವ ಸಿಪ್ಪೆ ರಾಶಿ ರಾಶಿ ಇತ್ತು. ಅದಕ್ಕೆ ಸಗಣಿ, ತರಗೆಲೆ ಬೆರೆಸಿ ಡೇಲಿಯಾ ಮಡಿಯ ಪಕ್ಕದಲ್ಲೇ ಗುಡ್ಡೆ ಹಾಕಿಸಿದೆ. ಕಿಟಕಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಹಕ್ಕಿ ನೋಡಬೇಕಲ್ಲ!

ಮೇಸ್ತ್ರಿ ಸಣ್ಣಪ್ಪ ತಲೆ ಕೆರೆದುಕೊಂಡ. "ಅಯ್ಯಾ, ಎರೆಹುಳ ಆದ್ರೆ ಕಾಡುಹಂದಿ ಬರ್ತದೆ. ದೂರ ಗೊಬ್ಬರದ ಗುಂಡಿಗೇ ಹಾಕೋಣ."

"ಮನೆ ಬಾಗಿಲಿಗೆ ಬರೋ ಧೈರ್ಯ ಹಂದಿಗೆಲ್ಲಿದೆ ಮಾರಾಯ!" ಎಂದು ನಕ್ಕೆ.

ಇತ್ತು. ಶೋಗೆ ಎರಡೇ ದಿನ ಇರುವಾಗ ಬಂತು.

ಬೆಳಿಗ್ಗೆ ಬಾಗಿಲು ತೆಗೆದರೆ ಮಡಿ ಇದ್ದ ಜಾಗದಲ್ಲಿ ಟಿಲ್ಲರ್ ಹೊಡೆದ ಗದ್ದೆ! ಹಂದಿಗಳು ಎರೆಹುಳದಿಂದ ಊಟ ಶುರುಮಾಡಿ, ಡೇಲಿಯಾ ಗೆಡ್ಡೆಯಲ್ಲಿ ಮುಗಿಸಿದ್ದವು. ಕೆದರಿದ ಮಣ್ಣಿನ ತುಂಬ ಹಕ್ಕಿಗಳು. ಪಿಕಳಾರ, ಮೈನಾ, ಹೆಸರು ಗೊತ್ತಿಲ್ಲದವು, ಎಲ್ಲಾ ಹಾಜರ್! ಎರಡು ತಿಂಗಳಿಂದ ನನ್ನ ಕೈಲಾಗದ ಉಪಕಾರವನ್ನು ಹಂದಿ ಒಂದೇ ಸಲಕ್ಕೆ ಮಾಡಿ ಹೋಗಿತ್ತು.

"ನೋಡು, ಹಕ್ಕಿ ಬಂದ್ವು," ಎಂದುಬಿಟ್ಟೆ. ಬಾಯಿ ನನ್ನದೇ, ಏನು ಮಾಡಲಿ!

ಸುಮಿತ್ರೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಬಿಡಿಸತೊಡಗಿದಳು. "ಅಮ್ಮಂದು ಅಂತ ನನ್ ಹತ್ರ ಇದ್ದಿದ್ದು ಇದೊಂದೇ ಕಣ್ರೀ," ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಂದಿಗಳು ಆಗಲೇ ಬಿಡಿಸಿಟ್ಟಿದ್ದವು, ಆದರೆ ನನ್ನ ಗಾತ್ರಕ್ಕೆ ಸಾಲದು.

ನಾನೂ ಕೂತೆ. ಸಣ್ಣಪ್ಪ ಜರಡಿ ತಂದ. ಮಧ್ಯಾಹ್ನದವರೆಗೂ ಮೂವರೂ ಮಣ್ಣು ಜರಡಿ ಹಿಡಿದೆವು. ಸಿಕ್ಕಿದ್ದು ಬೇರು, ಕಲ್ಲು, ಒಂದು ಹಳೇ ಚಮಚ. ಸೊಂಟ ಹಿಡಿದುಕೊಂಡು ನಾನು ಎದ್ದು ನಿಂತೆ.

"ಕಾಲು ತೆಗೀರಿ!" ಸುಮಿತ್ರೆ ಕಿರುಚಿದಳು.

ಹೆಬ್ಬೆರಳಷ್ಟು ಗೆಡ್ಡೆ, ಒಂದೇ ಒಂದು ಮೊಳಕೆ. ನನ್ನ ಚಪ್ಪಲಿಯ ಅಡಿಯಲ್ಲಿ! ಮೊಳಕೆ ಹೇಗೋ ಉಳಿದಿತ್ತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಅಲ್ಲೇ ನೆಟ್ಟು, ಕಣ್ಣೊರೆಸಿಕೊಂಡಳು.

ಶೋ ದಿನ ಅವಳು ಪೇಟೆಗೆ ಹೋಗಲಿಲ್ಲ. ಸಣ್ಣಪ್ಪನ ಕೈಲಿ ಆ ಗೆಡ್ಡೆಯ ಸುತ್ತ ಗೂಟ ಹೊಡೆಸಿ ಮುಳ್ಳುತಂತಿ ಬಿಗಿಸುತ್ತಿದ್ದಳು.

"ಗುಡ್ಡೆ ಎತ್ತಿಸಿದ್ದೀನಲ್ಲ ಮಾರಾಯ್ತಿ," ಎಂದೆ ನಾನು, ಆದಷ್ಟು ಮೆತ್ತಗೆ. "ಇನ್ನು ಹಂದಿ ಬರಲ್ಲ. ಬೇಲಿ ಯಾಕೆ?"

"ಹಂದಿಗಲ್ಲ. ನಿಮಗೆ."

ಸಣ್ಣಪ್ಪ ನನ್ನ ಮುಖ ನೋಡದೆ ಇನ್ನೊಂದು ಸುತ್ತು ತಂತಿ ಬಿಗಿದ.