ನಮ್ಮ ಇಂಟರ್ನೆಟ್ಟಿಗೆ ಡ್ರೈವರ್ ಸಿಕ್ಕಿದ್ದು

ಯಂತ್ರಗಳ ವಿಷಯದಲ್ಲಿ ನಾನು ಬಹಳ ತಿಳಿದವನು ಎಂಬ ನಂಬಿಕೆ ನಮ್ಮ ಮನೆಯಲ್ಲಿ ಒಬ್ಬರಿಗೆ ಇತ್ತು. ಆ ಒಬ್ಬರು ನಾನೇ.

ಆಗ ನಾನು ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತ. ನೀರು ಯಾವಾಗ ಬರುತ್ತದೆ ಎಂದು ಕೇಳಿಕೊಂಡು ಬರುವ ರೈತರಿಗೆ ಸಮಾಧಾನ ಹೇಳುವುದು ನನ್ನ ಮುಖ್ಯ ಕೆಲಸ. ಊರ ಹೊರಗೆ, ಭತ್ತದ ಗದ್ದೆಗಳ ಅಂಚಿನಲ್ಲಿ ನಮ್ಮ ಮನೆ. ಮಗಳು ಸುಜಾತಾ ಮಿಲಿಟರಿಯಲ್ಲಿದ್ದ ಗಂಡನ ಜೊತೆ ಅಸ್ಸಾಮಿನಲ್ಲಿದ್ದಳು. ಅಲ್ಲಿಯೇ ಅವಳಿಗೆ ಹೆಣ್ಣು ಮಗು ಹುಟ್ಟಿತು. “ಭಾನುವಾರ ಹನ್ನೊಂದಕ್ಕ ಕಂಪ್ಯೂಟರ್ ಮುಂದ ಕೂಡ್ರಿ ಅಪ್ಪಾ, ಕೂಸಿನ್ನ ಕ್ಯಾಮೆರಾದಾಗ ತೋರಸ್ತೀನಿ” ಎಂದು ಫೋನ್ ಮಾಡಿದಳು. ಅವರ ಕ್ಯಾಂಪಿನಲ್ಲಿ ಇಂಟರ್ನೆಟ್ಟಿಗೆ ಸರದಿ. ಆ ಹೊತ್ತು ತಪ್ಪಿದರೆ ಮತ್ತೆ ಯಾವಾಗಲೋ!

ಸುದ್ದಿ ಕೇಳಿದ್ದೇ ತಡ, ನನ್ನ ಅತ್ತೆ ಕಕ್ಕೇರಾದಿಂದ ಬಸ್ಸು ಹತ್ತಿ ಶನಿವಾರವೇ ಬಂದಿಳಿದರು. ಅವರ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. “ಪೂರಾ ಕಾಣದಂಗ ಆಗೂದ್ರೊಳಗ ಮರಿಮೊಮ್ಮಗಳ ಮಾರಿ ನೋಡಬೇಕ್ರಿ ಅಳಿಯಂದ್ರ” ಎಂದರು.

“ಎಲ್ಲಾ ನನಗ ಬಿಡ್ರಿ ಅತ್ತಿ” ಎಂದೆ. ಬಿಟ್ಟರು. ತಪ್ಪಾಗಿದ್ದೇ ಅಲ್ಲಿ.

ಇಂಥ ಶುಭ ಸಂದರ್ಭಕ್ಕೆ ಕಂಪ್ಯೂಟರನ್ನು ಸಜ್ಜುಗೊಳಿಸಬೇಡವೇ? ಸಂಜೆ ಅದರ ಶುದ್ಧೀಕರಣಕ್ಕೆ ಕೂತೆ. ಒಳಗೆ ಹೆಸರೇ ಕೇಳದ ಫೈಲುಗಳು ರಾಶಿ ಬಿದ್ದಿದ್ದವು. ಕೆಲಸವಿಲ್ಲದೆ ಸುಮ್ಮನೆ ಕೂತವರನ್ನು ಕಂಡರೆ ನನಗಾಗುವುದಿಲ್ಲ. ಕಚೇರಿಯ ಹೊರಗೆ, ಅಷ್ಟೆ. ಒಂದೊಂದನ್ನೇ ಅಳಿಸುತ್ತ ಹೋದೆ. ‘ಖಚಿತವೇ?’ ಎಂದು ಕಂಪ್ಯೂಟರ್ ಪಾಪ ಕೇಳಿತು. ನಾನು ಖಚಿತವಾಗಿಯೇ ಇದ್ದೆ! ಪರದೆ ನೀಲಿಯಾಯಿತು. ಆಮೇಲೆ ಕಪ್ಪಾಯಿತು. ಆಮೇಲೆ ನನ್ನ ಹೆಂಡತಿ ಮಹಾದೇವಿ ಬಂದಳು.

“ಏನ್ರೀ, ಏನ್ ಮಾಡಾಕತ್ತೀರಿ?”

“ಸರ್ವಿಸಿಂಗ್.”

ಅವಳು ಕಪ್ಪು ಪರದೆಯನ್ನೂ ನನ್ನ ಮುಖವನ್ನೂ ನೋಡಿದಳು. ಎರಡರಲ್ಲೂ ಬೆಳಕಿರಲಿಲ್ಲ.

ಭಾನುವಾರ ಬೆಳಿಗ್ಗೆ, ಅಂಗಡಿಯವರು ಕೊಟ್ಟಿದ್ದ ಸೀಡಿ ಹಾಕಿ, ಅದು ಕೇಳಿದ್ದಕ್ಕೆಲ್ಲ ‘ಹೌದು’ ಒತ್ತಿದೆ. ಕಂಪ್ಯೂಟರ್‌ಗೆ ಜೀವ ಬಂತು! ಇಂಟರ್ನೆಟ್ ಮಾತ್ರ ಬರಲಿಲ್ಲ. ಮೋಡೆಮ್ ಆರಿಸಿ ಹಚ್ಚಿದೆ. ಧೂಳು ಊದಿದೆ. ಮೆಲ್ಲಗೆ ತಟ್ಟಿದೆ. ನಂತರ ಮೆಲ್ಲಗಲ್ಲದೆಯೂ ತಟ್ಟಿದೆ. ಕೊನೆಗೆ ಮನೆಯ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿದೆ.

“ಸರ್, ಗೋಡೆಯಿಂದ ಬರುವ ಫೋನ್ ವೈರ್ ತೆಗೆದು ಮತ್ತೆ ಹಾಕಿ” ಎಂದಳು ಆ ಕಡೆಯ ಹುಡುಗಿ.

ತೆಗೆದೆ. ಅವಳ ಜೊತೆ ಮಾತಾಡುತ್ತಿದ್ದದ್ದೂ ಅದೇ ವೈರಿನಲ್ಲಿ. ಹುಡುಗಿ ಹೋದಳು!

ದೋಷ ಮಾಳಿಗೆಯ ಮೇಲೆಯೇ ಇದೆ ಎಂದು ನಿರ್ಧರಿಸಿ ಮೇಲೇರಿದೆ. ಒಂದು ವೈರು ಸಡಿಲವಾಗಿ ಕಂಡಿತು. ಬಿಗಿ ಮಾಡಲೆಂದು ಜಗ್ಗಿದೆ. ಪೂರ್ತಿ ಕೈಗೆ ಬಂತು. ಪಕ್ಕದ ಮನೆಯ ರೈತ ಶರಣಪ್ಪ ದಡದಡ ಮೇಲೆ ಬಂದ.

“ಸಾಹೇಬ್ರ, ನಮ್ಮ ಟಿವಿ ಬಂದ್ ಆಗ್ಯಾದ. ನಮ್ಮ ವೈರ್ ಹಿಡಕೊಂಡು ಏನ್ ಮಾಡಾಕತ್ತೀರಿ?”

ನಡೆದದ್ದನ್ನೆಲ್ಲ ಹೇಳಿದೆ. ಕೂಸಿನ ಮಾತು ಬಂದದ್ದೇ ಅವನ ಸಿಟ್ಟು ಇಳಿಯಿತು. ತನ್ನ ಮೊಬೈಲ್ ಕೈಗಿಟ್ಟ. ಮತ್ತೆ ಸಹಾಯವಾಣಿ. ಶರಣಪ್ಪನಿಗೂ ಕೇಳುವಷ್ಟು ಜೋರಾಗಿ ಹುಡುಗಿ ಹೇಳಿದಳು: “ಸರ್, ನಾವು ಮೇಲಿನಿಂದ ಬಿಟ್ಟಿದ್ದೇವೆ. ತೊಂದರೆ ನಿಮ್ಮ ಕಡೆಯೇ ಇದೆ.”

ಶರಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಹ್ವಾದ ವರ್ಷ ಕಾಲುವಿ ನೀರಿಲ್ದ ನೆಲ್ಲು ಒಣಗಾಕತ್ತಾಗ ನೀವು ನಮಗ ಇದ ಮಾತು ಹೇಳಿದ್ರಿ ನೋಡ್ರಿ!” ಎನ್ನುತ್ತ ವೈರ್ ಜೋಡಿಸಿ ಕೆಳಗಿಳಿದು ಹೋದ.

“ಕಂಪ್ಯೂಟರ್ ಹೊಸದಾಗಿ ಲೋಡ್ ಮಾಡಿದ್ರಾ ಸರ್?” ಎಂದಳು ಹುಡುಗಿ ಫೋನಿನಲ್ಲಿ. “ಹಾಗಾದರೆ ಡ್ರೈವರ್ ಹೋಗಿದೆ, ಅಂದರೆ ಮೋಡೆಮ್ ನಡೆಸುವ ಸಾಫ್ಟ್‌ವೇರ್. ಇಂಟರ್ನೆಟ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಿ.”

“ಇಂಟರ್ನೆಟ್ಟೇ ಇಲ್ಲವಲ್ಲಮ್ಮಾ!”

“ಅದಕ್ಕೇ ಸರ್, ಡ್ರೈವರ್ ಬೇಕು.”

ಇಂಥ ಉತ್ತರ ಕೊಡಲು ನಮ್ಮ ಕಚೇರಿಯಲ್ಲಿ ಹತ್ತು ವರ್ಷ ಅನುಭವ ಬೇಕಾಗುತ್ತದೆ!

ಕೆಳಗಿನಿಂದ ಮಹಾದೇವಿ ಕೂಗಿದಳು: “ಏನಂತ್ರೀ?”

“ಡ್ರೈವರ್ ಇಲ್ಲಂತ!” ಎಂದು ನಾನೂ ಕೂಗಿದೆ. ಓಣಿಗೆಲ್ಲ ಕೇಳಿಸಿತು.

ಮಾಳಿಗೆ ಇಳಿದು ಬಂದು ಅತ್ತೆಯ ಪಕ್ಕ ಕೂತೆ. ಅವರು ಹೊಸ ಇಳಕಲ್ ಸೀರೆ ಉಟ್ಟು, ಬಂಗಾರದ ಸರ ಹಾಕಿಕೊಂಡು, ಆ ಖಾಲಿ ಪರದೆಯ ಮುಂದೆ ಕಣ್ಣು ಕಿರಿದು ಮಾಡಿ ಕಾಯುತ್ತಿದ್ದರು. “ಇನ್ನೂ ಕೂಸು ಬಂದಿಲ್ಲೇನ್ರಿ?” ಎಂದು ಕೇಳಿದರು. ನಗು ತಮಾಷೆ ಎಲ್ಲ ಒಮ್ಮೆಗೇ ಇಳಿದುಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಡಗಡ ಸದ್ದು. ಟ್ರೇಲರ್ ಸಮೇತ ಶರಣಪ್ಪನ ಟ್ರ್ಯಾಕ್ಟರ್! ಮೇಲೆ ಅವನ ಡ್ರೈವರ್ ಮಹಿಬೂಬ.

“ಡ್ರೈವರ್ ಇಲ್ಲಂದ್ರಂತಲ್ರಿ? ಅಣ್ಣಾರು ಕಳಿಸ್ಯಾರ. ಎಲ್ಲಿಗಿ ಹೋಗಬೇಕ್ರಿ?”

ನಾನು ಬಾಯಿ ತೆರೆದೆ. ಡ್ರೈವರ್ ಎಂದರೆ ಏನೆಂದು ವಿವರಿಸಲು ಹೊರಟಿದ್ದೆ. ಮಹಾದೇವಿ ತಡೆದಳು. ಗಡಿಯಾರ ನೋಡಿದಳು. “ಬಸ್ ಸ್ಟ್ಯಾಂಡ್ ಹತ್ರ ಸೈಬರ್ ಅಂಗಡಿ ಅದಲ್ಲ, ಅಲ್ಲಿಗಿ ನಡಿಯಪ್ಪ ಮಹಿಬೂಬ. ಅವ್ವಾ, ಏಳು!”

ಅತ್ತೆಗೆ ಟ್ರೇಲರಿನಲ್ಲಿ ಕೌದಿ ಹಾಸಿದೆವು. “ಫಿಕರ್ ಮಾಡಬ್ಯಾಡ್ರಿ ಅವ್ವಾರ, ನೀರು ತುಳುಕದಂಗ ಒಯ್ತೀನಿ” ಎಂದ ಮಹಿಬೂಬ. ಹಾಗೆಯೇ ಒಯ್ದ.

ಸೈಬರ್ ಅಂಗಡಿಯಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮಹಾದೇವಿ ವಿಷಯ ಹೇಳಿದಳು. ಗುರುತಿಲ್ಲದ ಒಬ್ಬ ಮನುಷ್ಯ ತನ್ನ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು, “ಕೂಡ್ರಿ ಆಯಿ” ಎಂದು ಅತ್ತೆಯ ಕೈ ಹಿಡಿದು ಕೂರಿಸಿದ. ಪಾಸ್‌ವರ್ಡ್ ನನಗೆ ನೆನಪಿತ್ತು. ಆ ದಿನ ನನ್ನಿಂದಾದ ಏಕೈಕ ಉಪಕಾರ ಅದು.

ಪರದೆಯ ಮೇಲೆ ಸುಜಾತಾ ಬಂದಳು. ಅವಳ ತೋಳಿನಲ್ಲಿ ಕೆಂಪು ಮುಷ್ಟಿ ಬಿಗಿದ ಕೂಸು. ಅತ್ತೆ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು.

“ನಮ್ಮವ್ವನ ಹಣಿ ಬಂದದ ನೋಡು ಮಾದೇವಿ” ಎಂದು ಗಾಜನ್ನೇ ಸವರಿದರು. ಮಹಾದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜಾಗ ಬಿಟ್ಟುಕೊಟ್ಟ ಮನುಷ್ಯ ಕೂಡ ಗೋಡೆಯ ಕಡೆ ತಿರುಗಿ ನಿಂತ.

ಶರಣಪ್ಪ, ಮಹಿಬೂಬ, ಈ ಅಪರಿಚಿತ: ಇವರ ಋಣ ಹೇಗೆ ತೀರಿಸಲಿ ಎಂದು ನನ್ನ ಎದೆ ತುಂಬಿ ಬಂತು. ತುಂಬಿದ ಎದೆಯಿಂದಲೇ, ಅತ್ತೆಗೆ ಇನ್ನೂ ಚೆನ್ನಾಗಿ ಕಾಣಲಿ ಎಂದು ಕ್ಯಾಮೆರಾ ಸರಿಮಾಡಲು ಮುಂದೆ ಹೋದೆ. ಕಾಲಿಗೆ ಯಾವುದೋ ವೈರ್ ತೊಡರಿತು. ಅಂಗಡಿಯ ಅಷ್ಟೂ ಕಂಪ್ಯೂಟರ್‌ಗಳು ಒಟ್ಟಿಗೇ ಆರಿಹೋದವು!

ಎಲ್ಲರೂ ನನ್ನನ್ನೇ ನೋಡಿದರು.

ಅತ್ತೆ ಸಾವಕಾಶ ಎದ್ದರು. “ನಾ ನೋಡಿದ್ದಾತ್ರಿ ಅಳಿಯಂದ್ರ. ಇನ್ನ ನೀವು ಏನ್ ಬೇಕಾದ್ರೂ ಕೆಡಸ್ರಿ” ಎಂದರು.

ವಾಪಸು ಹೊರಟಾಗ ಬಿಸಿಲು ಏರಿತ್ತು. ಮಹಾದೇವಿ ಛತ್ರಿ ಬಿಡಿಸಿ ನನ್ನ ಕೈಗೆ ಕೊಟ್ಟು, ಅತ್ತೆಯ ತಲೆಯ ಮೇಲೆ ಹಿಡಿಯಲು ಹೇಳಿದಳು. ಬಹಳ ಯೋಚಿಸಿಯೇ ಕೊಟ್ಟಿರಬೇಕು. ಅದಕ್ಕೆ ಒಂದೂ ವೈರ್ ಇರಲಿಲ್ಲ!